ಪೂರ್ಣಹೃದಯದಿಂದ ದೇವರನ್ನು ಹುಡುಕುವುದು: ದಿನದ ಲೆಕ್ಕದಲ್ಲಿ ಅದು ಹೇಗಿರುತ್ತದೆ?

ಸಾಸಿವೆಕಾಳು:

ಸತ್ಯವೇದದ (ಬೈಬಲಿನ) ಯೆರೆಮೀಯ 29:13, ಧರ್ಮೋಪದೇಶಕಾಂಡ 4:29, ಎರಡೂ ಕಡೆ ಒಂದೇ ಮಾತು. ಪೂರ್ಣಮನಸ್ಸಿನಿಂದ ಹುಡುಕಿದರೆ ದೇವರು ಸಿಗುತ್ತಾನೆ. ಪ್ರಸಂಗದಲ್ಲಿ ಈ ವಾಕ್ಯ ಬಂದಾಗಲೆಲ್ಲ "ಇನ್ನೂ ದಾಹ ಬೇಕು, ಇನ್ನೂ ಬೆಂಕಿ ಬೇಕು" ಎಂದು ಮುಗಿಸುತ್ತಾರೆ. ಬೆಂಕಿಯ ಪಾಡು ಎಲ್ಲರಿಗೂ ಗೊತ್ತು. ಉಜ್ಜೀವನ ಕೂಟ ಮುಗಿದು ಮೂರು ವಾರ ಉರಿಯುತ್ತದೆ, ನಾಲ್ಕನೇ ವಾರ ಬೂದಿ. ಬರೀ ಆರಂಭಶೂರತನ.

ಮೂರು ವಿಷಯ ಬಿಡಿಸಿ ಹೇಳಿ.
ಒಂದು, "ಪೂರ್ಣಹೃದಯ" ಭಾವನೆಯ ಮಾತೋ, ಬೇರೆಯೋ?
ಎರಡು, ವಾಕ್ಯ ಓದುವುದು, ಪ್ರಾರ್ಥನೆ ಇವನ್ನು ಎಷ್ಟು, ಹೇಗೆ ಇಟ್ಟುಕೊಂಡರೆ ನಿಲ್ಲುತ್ತದೆ? ಯೋಜನೆಗಳು ಯಾಕೆ ಮುರಿಯುತ್ತವೆ?
ಮೂರು, ಹತ್ತಿಪ್ಪತ್ತು ವರ್ಷ ನಂಬಿಗಸ್ತರಾಗಿದ್ದವರೂ ಜಾರುತ್ತಾರಲ್ಲ, ಎಲ್ಲಿ ಜಾರುತ್ತಾರೆ? ಬಿದ್ದವರು ಹಿಂದಿರುಗುವುದು ಹೇಗೆ?

"ಪ್ರಾರ್ಥಿಸಿ, ಎಲ್ಲ ಸರಿಹೋಗುತ್ತದೆ" ಎಂಬ ಉತ್ತರ ದಯವಿಟ್ಟು ಬೇಡ.

ಬೆರೋಯದವರು:

ಮೊದಲನೆಯದಕ್ಕೆ ಮಾತ್ರ ಉತ್ತರಿಸುತ್ತೇನೆ. ಅರ್ಧ ಗೊಂದಲ ಪದದಲ್ಲೇ ಇದೆ.

ಕನ್ನಡದಲ್ಲಿ ಹೃದಯ ಅಂದಕೂಡಲೇ ಭಾವನೆ ನೆನಪಾಗುತ್ತದೆ. ಇಬ್ರಿಯ ಭಾಷೆಯ "ಲೇವ್" ಹಾಗಲ್ಲ. ಯೋಚಿಸುವುದು, ತೂಗಿ ನೋಡುವುದು, ತೀರ್ಮಾನಿಸುವುದು ಎಲ್ಲವೂ ಅಲ್ಲೇ ನಡೆಯುತ್ತದೆ. ಸೊಲೊಮೋನ ನ್ಯಾಯ ತೀರಿಸುವುದಕ್ಕೆಂದು ಬೇಡಿಕೊಂಡ ವಿವೇಕ ಮೂಲದಲ್ಲಿ "ಕಿವಿಗೊಡುವ ಹೃದಯ" (1 ಅರಸುಗಳು 3:9). ಸಂಕಟದಲ್ಲಿ ಒಳಗೆ ಕಲಕುವುದನ್ನು ಹೇಳಬೇಕಾದಾಗ ಅವರೂ ನಮ್ಮ ಹಾಗೆ ಎಷ್ಟೋ ಸಲ ಕರುಳಿನ ಮಾತೆತ್ತುತ್ತಾರೆ.

ಇನ್ನು "ಹುಡುಕು" ಎಂಬುದಕ್ಕೆ ಎರಡು ಕ್ರಿಯಾಪದಗಳಿವೆ, ಬಾಕಷ್ ಮತ್ತು ದಾರಷ್. ಯೆರೆಮೀಯ 29:13ರಲ್ಲಿ ಎರಡೂ ಬರುತ್ತವೆ. ದಾರಷ್‌ಗೆ ವಿಚಾರಿಸು, ಮೊರೆಹೋಗು, ಹಿತ ನೋಡಿಕೊ ಎಂಬ ಅರ್ಥಗಳೂ ಉಂಟು. ಅದೇ ಅಧ್ಯಾಯದ 7ನೇ ವಚನದಲ್ಲಿ, ಸೆರೆ ಹೋಗಿರುವ ಪಟ್ಟಣದ ಕ್ಷೇಮವನ್ನು "ಹುಡುಕಿರಿ" ಎನ್ನುವಾಗಲೂ ಇದೇ ಕ್ರಿಯಾಪದ. ಅದು ಬಾಬೆಲಿನಲ್ಲಿ ಸೆರೆಯಾಗಿದ್ದವರಿಗೆ ಬರೆದ ಪತ್ರ. ಮನೆ ಕಟ್ಟಿಕೊಳ್ಳಿ, ತೋಟ ಮಾಡಿ, ಮದುವೆಯಾಗಿ, 70 ವರ್ಷ ಆಗುತ್ತದೆ ಎಂದೆಲ್ಲ ಹೇಳಿದ ಮೇಲೆ 13ನೇ ವಚನ ಬರುತ್ತದೆ. ಅಂದರೆ ತೋಟಕ್ಕೆ ನೀರು ಹಾಯಿಸುತ್ತಲೇ ಹುಡುಕುವ ಹುಡುಕಾಟ. ಕೂಟದ ಕೊನೆಯ ರಾತ್ರಿಯದಲ್ಲ.

ಎಲ್ಲಕ್ಕಿಂತ ಮುಖ್ಯವಾದದ್ದು ಇನ್ನೊಂದು. ಈ ನಾಲ್ಕು ವಚನ ಒಟ್ಟಿಗೆ ಓದಿ: 2 ಪೂರ್ವಕಾಲವೃತ್ತಾಂತ 12:14, 19:3, 30:19, ಎಜ್ರ 7:10. ನಾಲ್ಕರಲ್ಲೂ "ಹೃದಯ", "ಹುಡುಕು" ಜೊತೆಗೆ ಮೂರನೆಯ ಪದವೊಂದಿದೆ: ನೆಲೆಗೊಳಿಸು, ಅಣಿಮಾಡು. ಅರಸ ಯೆಹೋಷಾಫಾಟ ಹೃದಯವನ್ನು ನೆಲೆಗೊಳಿಸಿಕೊಂಡ. ಎಜ್ರ ಧರ್ಮಶಾಸ್ತ್ರವನ್ನು ಹುಡುಕಲು, ಕೈಕೊಳ್ಳಲು, ಕಲಿಸಲು ನೆಲೆಗೊಳಿಸಿಕೊಂಡ. ಆ ಅನುಕ್ರಮ ನೋಡಿ, ಕಲಿಸುವುದು ಕೊನೆಗೆ. ಅರಸ ಹಿಜ್ಕೀಯನ ಕಾಲದ ಪಸ್ಕ ಹಬ್ಬದಲ್ಲಿ ಶುದ್ಧಾಚಾರದ ನಿಯಮ ಸರಿಯಾಗಿ ಪಾಲಿಸದವರಿಗೂ, ಹೃದಯ ನೆಲೆಗೊಂಡಿದ್ದರಿಂದ, ಕ್ಷಮೆ ದೊರಕಿತು. ಅರಸ ರೆಹಬ್ಬಾಮ ಮಾತ್ರ ನೆಲೆಗೊಳಿಸಿಕೊಳ್ಳಲಿಲ್ಲ, ಅದಕ್ಕೇ ಕೆಟ್ಟ.

ಆದರೆ ರೆಹಬ್ಬಾಮನಿಗೆ ಭಾವನೆಯ ಕೊರತೆ ಇರಲಿಲ್ಲ! ಐಗುಪ್ತದ ಅರಸ ಶೀಶಕ ದಂಡೆತ್ತಿ ಬಂದಾಗ ತನ್ನನ್ನು ತಗ್ಗಿಸಿಕೊಂಡ, ದೇವರ ಕೋಪ ತಗ್ಗಿತು ಎಂದು ಅದೇ ಅಧ್ಯಾಯ ಹೇಳುತ್ತದೆ. ಕೂಟದಲ್ಲಿ ಅತ್ತವರ ಸಾಲಿನಲ್ಲಿ ಅವನೂ ಇದ್ದ ಅನ್ನಿ. ಅಪಾಯ ಸರಿದ ಮೇಲೆ ಹಿಡಿದು ನಿಲ್ಲಿಸುವ ಗೂಟ ಇರಲಿಲ್ಲ.

ಹಾಗಾಗಿ ನಿಮ್ಮನ್ನು ಪರೀಕ್ಷಿಸಿಕೊಳ್ಳುವಾಗ "ಎಷ್ಟು ಬಿಸಿ ಇದೆ" ಎಂದು ಕೇಳಬೇಡಿ. "ಯಾವ ವಿಷಯವನ್ನು ದೇವರ ಮುಂದೆ ತರದೆ ಪಕ್ಕಕ್ಕಿಟ್ಟಿದ್ದೇನೆ" ಎಂದು ಕೇಳಿ. ಹಣವೋ, ಒಂದು ಸಂಬಂಧವೋ, ಹಳೆಯ ಹಗೆಯೋ. ಅರ್ಧಹೃದಯ ಅಂದರೆ ಎತ್ತು ಏರಿಗೆ ಕೋಣ ನೀರಿಗೆ ಎಳೆಯುವ ಸ್ಥಿತಿ. ಅರಸ ಅಮಚ್ಯನ ಬಗ್ಗೆ 2 ಪೂರ್ವಕಾಲವೃತ್ತಾಂತ 25:2 ಹೇಳುವುದು ಅದನ್ನೇ: ಸರಿಯಾದದ್ದನ್ನೇ ಮಾಡಿದ, ಪೂರ್ಣಮನಸ್ಸಿನಿಂದಲ್ಲ. ಅದೇ ಅಧ್ಯಾಯದಲ್ಲಿ ಗೆದ್ದು ಬರುವಾಗ ಸೋತವರ ದೇವತೆಗಳನ್ನು ಮನೆಗೆ ತಂದು ಅಡ್ಡಬಿದ್ದ.

ಮುಂಗೋಳಿ:

ಎರಡನೆಯದು ನನ್ನ ಪಾಲಿಗಿರಲಿ. ಯೋಜನೆ ಮುರಿಯುವುದು ಭಕ್ತಿ ಕಡಿಮೆಯಾಗಿ ಅಲ್ಲ, ಬಹುಪಾಲು ಲೆಕ್ಕ ತಪ್ಪಿ.

66 ಪುಸ್ತಕಗಳ ಸತ್ಯವೇದದಲ್ಲಿ 1,189 ಅಧ್ಯಾಯ. ವರ್ಷಕ್ಕೆ ಮುಗಿಸಬೇಕೆಂದರೆ ದಿನಕ್ಕೆ 3ರಿಂದ 4. ಒಂದು ವಾರ ತಪ್ಪಿತೆಂದರೆ 23 ಅಧ್ಯಾಯ ಬಾಕಿ. ಅದು ಸಾಲದ ಬಡ್ಡಿಯ ಹಾಗೆ ಹೆದರಿಸುತ್ತದೆ, ಹೆದರಿದವನು ಪುಸ್ತಕವನ್ನೇ ಮುಚ್ಚುತ್ತಾನೆ. ಹೊಸಬರಿಗೆ, ಮತ್ತೆ ಶುರುಮಾಡುವವರಿಗೆ ಒಳ್ಳೆಯ ಲೆಕ್ಕ ಇನ್ನೊಂದಿದೆ: ಹೊಸ ಒಡಂಬಡಿಕೆಯಲ್ಲಿ 260 ಅಧ್ಯಾಯ. ವಾರಕ್ಕೆ ಐದು ದಿನ, ದಿನಕ್ಕೆ ಒಂದು, 52 ವಾರ. ಸರಿಯಾಗಿ ಒಂದು ವರ್ಷ. ಎರಡು ದಿನ ಖಾಲಿ, ತಪ್ಪಿದ್ದು ತುಂಬಿಕೊಳ್ಳಲು. ಜೊತೆಗೆ ದಿನಕ್ಕೊಂದು ಕೀರ್ತನೆ ಇಟ್ಟರೆ ಐದು ತಿಂಗಳಲ್ಲಿ 150 ಮುಗಿಯುತ್ತವೆ.

ತಾರೀಕು ಬರೆದ ಪಟ್ಟಿ ಬೇಡ. ಪುಸ್ತಕಕ್ಕೆ ಒಂದು ಗುರುತುಪಟ್ಟಿ ಸಾಕು. ನಿಂತಲ್ಲಿಂದ ಮುಂದಕ್ಕೆ. ತಪ್ಪಿದ ದಿನಗಳನ್ನು "ತೀರಿಸಲು" ಹೋಗಬೇಡಿ.

ಆದಿಕಾಂಡದಿಂದ ಶುರುಮಾಡಿದವರು ನಿಲ್ಲುವ ಜಾಗ ಹೆಚ್ಚುಕಡಿಮೆ ನಿಗದಿ: ವಿಮೋಚನಕಾಂಡ 25ರಿಂದ ದೇವದರ್ಶನದ ಗುಡಾರದ ಅಳತೆಗಳು, ಆಮೇಲೆ ಯಾಜಕಕಾಂಡ. ಅಲ್ಲಿಗೆ ಬಂದಾಗ ಇಬ್ರಿಯರಿಗೆ ಬರೆದ ಪತ್ರದ 9, 10ನೇ ಅಧ್ಯಾಯಗಳನ್ನು ಪಕ್ಕದಲ್ಲಿ ತೆರೆದಿಟ್ಟುಕೊಳ್ಳಿ. ಪರದೆ, ರಕ್ತ, ಮಹಾಯಾಜಕ ಇವೆಲ್ಲ ಏನೆಂದು ಅಲ್ಲಿ ಹೇಳಿದೆ. ಒಣ ಅನ್ನಿಸುವುದಿಲ್ಲ.

ಸಮಯ 20 ನಿಮಿಷದಿಂದ ಶುರುಮಾಡಿ, ಒಂದು ಗಂಟೆಯಿಂದಲ್ಲ. ಹಂಚುವ ರೀತಿ ಹೀಗೆ: ಓದಲು ಸುಮಾರು 8 ನಿಮಿಷ, ಬರೆಯಲು 2, ಪ್ರಾರ್ಥನೆಗೆ 10. ಬರೆಯುವುದು ಎರಡೇ ಸಾಲು. ಈ ಅಧ್ಯಾಯ ದೇವರ ಬಗ್ಗೆ ಏನು ಹೇಳಿತು, ಮತ್ತು ಇಂದು ರಾತ್ರಿಯೊಳಗೆ ನಾನು ಮಾಡಬೇಕಾದ ಒಂದು ಕೆಲಸ ಯಾವುದು. ಎರಡನೆಯದು "ಹೆಚ್ಚು ಪ್ರೀತಿಸಬೇಕು" ಎಂದಿದ್ದರೆ ಅಳಿಸಿ ಮತ್ತೆ ಬರೆಯಿರಿ. "ತಡಮಾಡಿದ ಬಾಕಿ ಹಣ ಕೊಡುವುದು", "ನಿನ್ನೆ ಜೋರುಮಾಡಿದ್ದಕ್ಕೆ ಕ್ಷಮೆ ಕೇಳುವುದು", ಈ ಮಟ್ಟಕ್ಕಿಳಿಯಬೇಕು. ಯಾಕೋಬ 1:22ರಿಂದ 25 ಕನ್ನಡಿ ನೋಡಿ ಮರೆತವನ ಬಗ್ಗೆ ಹೇಳುವುದು ಇದನ್ನೇ: ಓದಿದ್ದು ಕೈಗೆ ಇಳಿಯದಿದ್ದರೆ ಓದಿದವನು ತನಗೆ ತಾನೇ ಮೋಸಮಾಡಿಕೊಳ್ಳುತ್ತಾನೆ.

ಪ್ರಾರ್ಥನೆಯಲ್ಲಿ ಮಾತು ತೀರಿಹೋಗುತ್ತದೆ ಎನ್ನುವವರು ಕರ್ತನು ಕಲಿಸಿದ ಪ್ರಾರ್ಥನೆಯನ್ನೇ ಚೌಕಟ್ಟಾಗಿ ಹಿಡಿಯಿರಿ (ಮತ್ತಾಯ 6:9-13). ನಾಮ, ರಾಜ್ಯ, ಚಿತ್ತ ಮೊದಲ ಮೂರು. ಅನ್ನ, ಕ್ಷಮೆ, ಶೋಧನೆಯಿಂದ ಬಿಡುಗಡೆ ನಂತರದವು. ಒಂದೊಂದಕ್ಕೂ ಒಂದೂವರೆ ನಿಮಿಷ, ಸ್ವಂತ ಮಾತಿನಲ್ಲಿ. ನಮ್ಮ ಪ್ರಾರ್ಥನೆ ಸಾಮಾನ್ಯವಾಗಿ ನಾಲ್ಕನೆಯದರಿಂದಲೇ ಶುರುವಾಗುತ್ತದೆ ಎಂಬುದು ಈ ಚೌಕಟ್ಟಿಗೆ ಬಂದಾಗ ಗೊತ್ತಾಗುತ್ತದೆ. ಬಾಯಿಬಿಟ್ಟು ಪ್ರಾರ್ಥಿಸಿ, ಪಿಸುಮಾತಾದರೂ ಸರಿ. ಮನಸ್ಸಿನಲ್ಲೇ ಮಾಡಿದರೆ ಐದನೇ ವಾಕ್ಯಕ್ಕೆ ಬೇರೆಲ್ಲೋ ಹೋಗಿರುತ್ತೀರಿ. ಮಾಡಬೇಕಾದ ಕೆಲಸಗಳು ನಡುವೆ ನೆನಪಾದರೆ ಕಾಗದದ ಮೇಲೆ ಗೀಚಿಟ್ಟು ಮುಂದುವರಿಯಿರಿ. ಅದರ ಜೊತೆ ಗುದ್ದಾಡಬೇಡಿ.

ಫೋನ್‌ನಲ್ಲಿ ಓದುವುದು ತಪ್ಪಲ್ಲ. ಆದರೆ ವಾಕ್ಯ ತೆರೆಯುವ ಬೆರಳೇ ಮೆಸೇಜನ್ನೂ ತೆರೆಯುತ್ತದೆ. ಮುದ್ರಿತ ಪುಸ್ತಕವಿದ್ದರೆ ಅದೇ ಸರಿ. ಫೋನ್ ಇನ್ನೊಂದು ಕೋಣೆಯಲ್ಲಿರಲಿ.

ಬೆಳಿಗ್ಗೆಯೇ ಆಗಬೇಕೇ? ಯೇಸು ಬೆಳಗಿನ ಜಾವ ಎದ್ದು ಹೋದ (ಮಾರ್ಕ 1:35), ದಾನಿಯೇಲ ದಿನಕ್ಕೆ ಮೂರು ಸಾರಿ ಮೊಣಕಾಲೂರಿದ, ಇಸಾಕ ಸಂಜೆ ಹೊಲಕ್ಕೆ ಧ್ಯಾನಕ್ಕೆ ಹೊರಟ. ರಾತ್ರಿ ಪಾಳಿಯವರಿಗೆ, ಎಳೆಮಗುವಿನ ತಾಯಿಗೆ ನಸುಕಿನ ನಿಯಮ ಹೇರುವುದು ದಂಡನೆ. ಗಂಟೆ ಯಾವುದಾದರೂ ಇರಲಿ, ಜಾಗ ಒಂದೇ ಇರಲಿ.

ಹಳೇಬಾವಿ:

ಮೂರನೆಯದಕ್ಕೆ ಯೆಹೂದದ ಅರಸ ಆಸನ ಚರಿತ್ರೆಗಿಂತ ಒಳ್ಳೆಯ ಪಾಠ ಸತ್ಯವೇದದಲ್ಲಿ ನನಗೆ ಕಾಣುವುದಿಲ್ಲ. 2 ಪೂರ್ವಕಾಲವೃತ್ತಾಂತ 14ರಿಂದ 16, ಮೂರೇ ಅಧ್ಯಾಯ. ಒಂದೇ ಪಟ್ಟಿಗೆ ಓದಿ.

ಕೂಷಿನ ಜೆರಹ ಹತ್ತು ಲಕ್ಷ ಸೈನ್ಯ, 300 ರಥ ತಂದಾಗ ಆಸ ದೇವರಿಗೆ ಮೊರೆಯಿಟ್ಟು ಗೆದ್ದ. ಆಳ್ವಿಕೆಯ 15ನೇ ವರ್ಷದಲ್ಲಿ ಜನರನ್ನೆಲ್ಲ ಕೂಡಿಸಿ, ಪೂರ್ಣಹೃದಯದಿಂದ ಯೆಹೋವನನ್ನು ಹುಡುಕುತ್ತೇವೆಂದು ಒಡಂಬಡಿಕೆ ಮಾಡಿದ. ವಿಗ್ರಹ ಮಾಡಿಸಿದಳೆಂದು ರಾಜಮಾತೆಯ ಪದವಿಯಿಂದ ಮಾಕಳನ್ನೇ ಇಳಿಸಿದ. ಬೆಳ್ಳಿಬಂಗಾರ ತಂದು ದೇವಾಲಯಕ್ಕೆ ಒಪ್ಪಿಸಿದ. ಇದಕ್ಕಿಂತ ಪೂರ್ಣಹೃದಯ ಬೇಕೇ?

36ನೇ ವರ್ಷ. ಇಸ್ರಾಯೇಲಿನ ಅರಸ ಬಾಷ ರಾಮದಲ್ಲಿ ಕೋಟೆ ಕಟ್ಟಿ ದಾರಿ ಮುಚ್ಚುತ್ತಾನೆ. ಜೆರಹನಿಗೆ ಹೋಲಿಸಿದರೆ ಸಣ್ಣ ಪೀಡೆ. ಆಸ ಪ್ರಾರ್ಥಿಸಿದನೆಂಬ ಮಾತೇ ಇಲ್ಲ. ದೇವಾಲಯದ ಭಂಡಾರದಿಂದ ಬೆಳ್ಳಿಬಂಗಾರ ತೆಗೆದು ಅರಾಮ್ಯರ ಬೆನ್ಹದದನಿಗೆ ಕಳಿಸಿದ. ಮತ್ತು ಉಪಾಯ ಫಲಿಸಿತು! ಬಾಷ ಕೆಲಸ ನಿಲ್ಲಿಸಿ ಹಿಂದೆ ಸರಿದ. ಎಲ್ಲರೂ ತಪ್ಪಿಸಿಕೊಂಡು ಓದುವುದು ಇಲ್ಲೇ. ಸೋತಿದ್ದರೆ ಆಸ ತಿರುಗುತ್ತಿದ್ದನೇನೋ. ಪ್ರಾರ್ಥನೆಯಿಲ್ಲದೆ ಕೆಲಸ ಆಗುತ್ತದೆಂದು ಕಲಿತವನಿಗೆ ತಿರುಗಲು ಕಾರಣವೇ ಸಿಗುವುದಿಲ್ಲ.

ಆಮೇಲಿನದು ಸರಸರನೆ ನಡೆಯುತ್ತದೆ. ಪ್ರವಾದಿ ಹನಾನಿ ತಪ್ಪು ತೋರಿಸಿದರೆ ಅವನನ್ನು ಸೆರೆಗೆ ಹಾಕಿದ. ಜನರಲ್ಲಿ ಕೆಲವರನ್ನು ಹಿಂಸಿಸಿದ. 39ನೇ ವರ್ಷ ಕಾಲಿಗೆ ರೋಗ ಬಂದಾಗಲೂ ಯೆಹೋವನನ್ನು ಹುಡುಕದೆ ವೈದ್ಯರನ್ನೇ ಹುಡುಕಿದ. (ವೈದ್ಯರ ಬಳಿ ಹೋಗಬಾರದೆಂದು ಯಾರೂ ಇದನ್ನು ಓದಬೇಡಿ. ಪೌಲನ ಜೊತೆಗಿದ್ದ ಲೂಕನೇ ವೈದ್ಯ. ಇಲ್ಲಿನ ದೂರು "ದೇವರನ್ನು ಬಿಟ್ಟು" ಎಂಬುದರ ಮೇಲೆ.) 41ನೇ ವರ್ಷ ತೀರಿಕೊಂಡ.

ಗಮನಿಸಬೇಕಾದ ಗುರುತುಗಳು ಇದರಲ್ಲೇ ಇವೆ. ದೊಡ್ಡ ಕಷ್ಟಕ್ಕೆ ಪ್ರಾರ್ಥನೆ, ಸಣ್ಣ ಕಷ್ಟಕ್ಕೆ ಸ್ವಂತ ಬುದ್ಧಿ. ಒಮ್ಮೆ ದೇವರಿಗೆ ಕೊಟ್ಟದ್ದನ್ನು, ಸಮಯವೋ ಹಣವೋ, ಸದ್ದಿಲ್ಲದೆ ಹಿಂದಕ್ಕೆ ತೆಗೆದುಕೊಳ್ಳುವುದು. ತಿದ್ದುವವರ ಮೇಲೆ ಸಿಟ್ಟು. ಈ ಮೂರನೆಯದು ಕಂಡರೆ ತಡಮಾಡಬೇಡಿ, ಏಕೆಂದರೆ ಅಷ್ಟರಲ್ಲಿ ಹೇಳುವವರ ಬಾಯಿ ಮುಚ್ಚಿಸಿ ಆಗಿರುತ್ತದೆ.

ಅರಸ ಉಜ್ಜೀಯನೂ ಇದೇ ದಾರಿ ಹಿಡಿದ (2 ಪೂರ್ವಕಾಲವೃತ್ತಾಂತ 26:5, 16). ಬಲಗೊಂಡ ಮೇಲೆ ಗರ್ವ.

ಪೌಲನ ಸಂಗಡಿಗ ದೇಮನ ಕಥೆ ಮೂರು ಸಾಲು. ಫಿಲೆಮೋನ 24ರಲ್ಲಿ ಜೊತೆಕೆಲಸದವರ ಸಾಲಿನಲ್ಲಿದ್ದಾನೆ, ಕೊಲೊಸ್ಸೆ 4:14ರಲ್ಲಿ ಹೆಸರಿದೆ, 2 ತಿಮೊಥೆಯ 4:10ರಲ್ಲಿ ಇಹಲೋಕವನ್ನು ಪ್ರೀತಿಸಿ ಥೆಸಲೋನಿಕಕ್ಕೆ ಹೊರಟುಹೋಗಿದ್ದಾನೆ. ಮುಂದಿನ ವಚನ ಬಿಡಬೇಡಿ: "ಮಾರ್ಕನನ್ನು ಕರೆದುಕೊಂಡು ಬಾ, ಅವನು ಉಪಯುಕ್ತ" ಎನ್ನುತ್ತಾನೆ ಪೌಲ. ಪೆರ್ಗದಲ್ಲಿ ಕೈಬಿಟ್ಟು ಹೋದ, ಜೊತೆಗೆ ಕರೆದೊಯ್ಯಲು ಪೌಲನೇ ಒಪ್ಪದಿದ್ದ ಅದೇ ಮಾರ್ಕ (ಅಪೊಸ್ತಲರ ಕೃತ್ಯಗಳು 13:13, 15:38). ಒಬ್ಬ ಹೋದ ಸುದ್ದಿಗೂ ಒಬ್ಬ ಹಿಂತಿರುಗಿದ ಸುದ್ದಿಗೂ ನಡುವೆ ಒಂದೇ ವಚನ.

ಉಪ್ಪಿನಹರಳು:

ಮೇಲಿನವೆಲ್ಲ ಉಪಯುಕ್ತ, ಆದರೆ ಒಂದು ಆಕ್ಷೇಪ. ಹೀಗೆ ಓದಿದವರು 20 ನಿಮಿಷ ಕುಳಿತೆ, ಎರಡು ಸಾಲು ಬರೆದೆ, ಆದ್ದರಿಂದ ದೇವರು ಸಿಗಬೇಕು ಎಂಬ ವ್ಯಾಪಾರಕ್ಕೆ ಇಳಿಯುತ್ತಾರೆ. ರೋಮಾಪುರ 3:11 ಪ್ರಕಾರ ತಾನಾಗಿ ದೇವರನ್ನು ಹುಡುಕುವವನು ಒಬ್ಬನೂ ಇಲ್ಲ. ಲೂಕ 19:10ರಲ್ಲಿ ಹುಡುಕುತ್ತಾ ಬಂದವನು ಮನುಷ್ಯಕುಮಾರ. ನಮ್ಮ ಹುಡುಕಾಟ ಅದಕ್ಕೆ ಓಗೊಡುವುದಷ್ಟೇ. ಇದು ಮರೆತರೆ ಎರಡರಲ್ಲಿ ಒಂದು ಆಗುತ್ತದೆ: ನಿಯಮ ನಡೆದ ವಾರ ಗರ್ವ, ತಪ್ಪಿದ ವಾರ ಹತಾಶೆ. ಎರಡೂ ತನ್ನನ್ನೇ ನೋಡಿಕೊಳ್ಳುವ ರೋಗ.

ಹಾಗೆಂದು ಕೈಕಟ್ಟಿ ಕೂರುವುದೂ ಅಲ್ಲ. ಫಿಲಿಪ್ಪಿ 2:12ರಲ್ಲಿ ರಕ್ಷಣೆಯನ್ನು "ಸಾಧಿಸಿಕೊಳ್ಳಿರಿ", 13ರಲ್ಲಿ "ಸಾಧಿಸುವವನು ದೇವರೇ". ಎರಡನ್ನೂ ಒಟ್ಟಿಗೇ ಓದಬೇಕು.

ಬತ್ತಿಹೋದ ಅನುಭವ ಬಂದಾಗ ಕಾರಣ ಒಂದೇ ಅಂದುಕೊಂಡು ಗುಪ್ತಪಾಪ ಹುಡುಕಲು ಹೊರಡುತ್ತಾರೆ. ನಾನು ಹೇಳುವ ಕ್ರಮ ಬೇರೆ. ಮೊದಲು ದೇಹ. 1 ಅರಸುಗಳು 19ರಲ್ಲಿ ಸಾಯಬೇಕೆಂದ ಎಲೀಯನಿಗೆ ದೇವರು ಮೊದಲು ಕೊಟ್ಟದ್ದು ಉಪದೇಶವಲ್ಲ. ನಿದ್ದೆ, ರೊಟ್ಟಿ, ನೀರು, ಮತ್ತೆ ನಿದ್ದೆ, ಮತ್ತೆ ರೊಟ್ಟಿ. ಮಾತು ಬಂದದ್ದು 40 ದಿನದ ನಡಿಗೆಯ ನಂತರ, ಹೋರೇಬಿನಲ್ಲಿ. ವಾರಗಟ್ಟಲೆ ನಿದ್ದೆ, ಹಸಿವು, ಆಸಕ್ತಿ ಎಲ್ಲ ಕೆಟ್ಟಿದ್ದರೆ ಅದು ಖಿನ್ನತೆಯಿರಬಹುದು, ವೈದ್ಯರನ್ನು ಕಾಣಬೇಕು, ಅದು ಅವಿಶ್ವಾಸವಲ್ಲ. ಆಮೇಲೆ ಸಂಬಂಧಗಳು: ಯಾರ ಮೇಲಾದರೂ ಏನಾದರೂ ಇದ್ದರೆ ನಿಂತು ಪ್ರಾರ್ಥಿಸುವಾಗಲೇ ಕ್ಷಮಿಸಿ (ಮಾರ್ಕ 11:25), ಹೆಂಡತಿಯನ್ನು ಗೌರವಿಸದ ಗಂಡನ ಪ್ರಾರ್ಥನೆಗೆ ಅಡ್ಡಿಯಾಗುತ್ತದೆ (1 ಪೇತ್ರ 3:7). ಆಮೇಲೆ ಮುಚ್ಚಿಟ್ಟ ಪಾಪ (ಕೀರ್ತನೆ 32:3-4). ಇವೆಲ್ಲ ನೋಡಿದ ಮೇಲೂ ಬರ ಇದ್ದರೆ 13ನೇ ಕೀರ್ತನೆ ತೆಗೆಯಿರಿ. ಆರೇ ವಚನ, "ಎಷ್ಟರವರೆಗೆ" ಎಂಬ ಅಳಲು ನಾಲ್ಕು ಸಾರಿ. 88ನೆಯದು ಕತ್ತಲೆಯಲ್ಲೇ ಮುಗಿಯುತ್ತದೆ, ಆದರೂ ಪ್ರಾರ್ಥನೆಯೇ. ನಾಲ್ಕನೇ ಶತಮಾನದ ಐಗುಪ್ತದ ಮರುಭೂಮಿಯ ತಪಸ್ವಿಗಳಲ್ಲಿ ಎವಾಗ್ರಿಯ ಇದೇ ಬೇಸರಕ್ಕೆ "ನಡುಹಗಲಿನ ದೆವ್ವ" ಎಂದಿದ್ದ. ಹೊತ್ತು ಸರಿಯುವುದಿಲ್ಲ, ಕೋಣೆ ಬಿಟ್ಟು ಬೇರೆಲ್ಲಾದರೂ ಹೋಗಬೇಕೆನಿಸುತ್ತದೆ. ಮದ್ದು ಏನೆಂದರೆ ಕೋಣೆ ಬಿಡದಿರುವುದು.

ಬಿದ್ದವರ ವಿಷಯ. ಪ್ರಕಟನೆ 2:5ರಲ್ಲಿ ಎಫೆಸದ ಸಭೆಗೆ ಮೂರು ಅಪ್ಪಣೆ: ನೆನಪುಮಾಡಿಕೊ, ತಿರುಗಿಕೊ, ಮೊದಲಿನ ಕೃತ್ಯಗಳನ್ನು ಮಾಡು. ಬಿಟ್ಟದ್ದು ಮೊದಲಿನ ಪ್ರೀತಿ, ಆದರೂ "ಮೊದಲಿನ ಹಾಗೆ ಅನ್ನಿಸಿಕೊ" ಎಂದಿಲ್ಲ, "ಮಾಡು" ಎಂದಿದೆ. ಕೆಲಸ ಹೀಗೆ: ಪಾಪವನ್ನು ಅದರ ಹೆಸರಿನಿಂದಲೇ ಅರಿಕೆಮಾಡಿ ("ತಪ್ಪೇನಾದರೂ ಆಗಿದ್ದರೆ" ಎಂಬುದು ನಿವೇದನೆಯಲ್ಲ, ವಕೀಲಿಕೆ). ನಷ್ಟಪಟ್ಟವರಿದ್ದರೆ ಹಿಂದಕ್ಕೆ ಕೊಡಿ. ಮತ್ತೆ ಮತ್ತೆ ಬೀಳುವ ಪಾಪವಾದರೆ ಒಬ್ಬ ಪಕ್ವ ವಿಶ್ವಾಸಿಗೆ ತಿಳಿಸಿ, ಗಂಡಸರು ಗಂಡಸರಿಗೆ, ಹೆಂಗಸರು ಹೆಂಗಸರಿಗೆ. ಗುಟ್ಟು ಕಾಯದವರನ್ನು, ಪೊಲೀಸರಂತೆ ಪ್ರಶ್ನಿಸುವವರನ್ನು ಆರಿಸಬೇಡಿ. ಇನ್ನು ಬಿದ್ದ ಹೊತ್ತು, ಜಾಗ, ಮುಂಚಿನ ಮನಸ್ಥಿತಿ ಗುರುತಿಸಿ. ಸಾಮಾನ್ಯವಾಗಿ ಒಂಟಿತನ, ಆಯಾಸ, ಸಿಟ್ಟು, ಈ ಮೂರರಲ್ಲಿ ಒಂದಿರುತ್ತದೆ. ಬೇಲಿ ಹಾಕಬೇಕಾದದ್ದು ಅಲ್ಲಿ.

ಯೇಸುವನ್ನು ಅರಿಯೆನೆಂದ ಪೇತ್ರನೂ ಹಿಡಿದುಕೊಟ್ಟ ಯೂದನೂ ಒಂದೇ ರಾತ್ರಿ ಬಿದ್ದರು, ಇಬ್ಬರಿಗೂ ದುಃಖವಾಯಿತು. ಯೂದ ಹಣ ಹಿಂದಕ್ಕೂ ಕೊಟ್ಟ. ಆದರೆ ಅವನು ಹೋದದ್ದು ಮಹಾಯಾಜಕರ ಬಳಿಗೆ. ಪೇತ್ರ ಉಳಿದ ಶಿಷ್ಯರ ಜೊತೆಯಲ್ಲೇ ಇದ್ದ, ಕರ್ತನು ದಡದಲ್ಲಿ ಕಂಡಾಗ ನೀರಿಗೆ ಧುಮುಕಿದ.

ಸಾಸಿವೆಕಾಳು:

ಇಷ್ಟು ಸಿಗುತ್ತದೆ ಅಂದುಕೊಂಡಿರಲಿಲ್ಲ. ಎರಡು ಸಣ್ಣ ಪ್ರಶ್ನೆ ಉಳಿದವು. ಉಪವಾಸ ಯಾರೂ ಹೇಳಲಿಲ್ಲ. ಮತ್ತೆ, ಸಭೆಗೆ ಹೋಗದೆ ಮನೆಯಲ್ಲೇ ಆನ್‌ಲೈನ್ ಆರಾಧನೆ ನೋಡಿದರೆ ಸಾಲದೇ?

ಮುಂಗೋಳಿ:

ಉಪವಾಸ: ಒಂದು ಹೊತ್ತಿನ ಊಟದಿಂದ ಶುರು, ನೀರು ಕುಡಿಯಿರಿ. ಆ ಊಟದ ಸಮಯ ಪ್ರಾರ್ಥನೆಗೆ ಹೋಗಬೇಕು, ಕೆಲಸಕ್ಕೆ ಹೋದರೆ ಅದು ಬರೀ ಹಸಿವು. ಮಧುಮೇಹಕ್ಕೆ ಔಷಧಿ ತೆಗೆದುಕೊಳ್ಳುವವರು, ಗರ್ಭಿಣಿಯರು, ಊಟದ ವಿಷಯದಲ್ಲೇ ಮಾನಸಿಕ ತೊಂದರೆ ಇದ್ದವರು ಆಹಾರ ಬಿಡುವುದು ಬೇಡ. ಫೋನ್ ಪರದೆಯನ್ನೋ ಇನ್ನೇನನ್ನೋ ಬಿಡಲಿ. ಮತ್ತಾಯ 6:16-18 ಹೇಳುವಂತೆ ಯಾರಿಗೂ ಗೊತ್ತಾಗಬಾರದು. ಯೆಶಾಯ 58 ಓದದೆ ಉಪವಾಸ ಹಿಡಿಯಬೇಡಿ. ಆಳುಗಳನ್ನು ದುಡಿಸಿಕೊಂಡು ತಾವು ಉಪವಾಸ ಕೂತವರನ್ನು ಅಲ್ಲಿ ದೇವರು ಏನು ಕೇಳುತ್ತಾನೆ ನೋಡಿ.

ಹಳೇಬಾವಿ:

ಹಾಸಿಗೆ ಹಿಡಿದವರಿಗೆ, ಹೊರಗೆ ಹೋಗಲಾಗದವರಿಗೆ ಆನ್‌ಲೈನ್ ದೊಡ್ಡ ಉಪಕಾರ. ಉಳಿದವರಿಗೆ ಸಾಲದು. ಇಬ್ರಿಯ 3:13 "ಪ್ರತಿದಿನವೂ ಒಬ್ಬರನ್ನೊಬ್ಬರು ಎಚ್ಚರಿಸಿರಿ" ಎನ್ನುತ್ತದೆ, ಕಾರಣವನ್ನೂ ಕೊಡುತ್ತದೆ: ಪಾಪ ಮೋಸಮಾಡಿ ಕಠಿನಪಡಿಸುತ್ತದೆ. ಮೋಸಹೋದವನಿಗೆ ತಾನು ಮೋಸಹೋದದ್ದು ಕಾಣುವುದಿಲ್ಲ, ಪಕ್ಕದಲ್ಲಿರುವವರಿಗೆ ಕಾಣುತ್ತದೆ. ಪರದೆಗೆ ನಿಮ್ಮ ಮುಖ ಕಾಣುವುದಿಲ್ಲ. ಆಸನಿಗೆ ಹನಾನಿ ಸಿಕ್ಕಿದ್ದು ಎದುರಿಗೆ ಬಂದು ನಿಂತಿದ್ದರಿಂದ.